ಚರ್ಚು ಮಾತಾಡಬೇಕೆ, ಸುಮ್ಮನಿರಬೇಕೆ? ಜರ್ಮನಿಯ ಜಗಳದಲ್ಲಿ ನಮ್ಮ ಮಕ್ಕಳೂ ಇದ್ದಾರೆ

ಜರ್ಮನಿಗೆ ಬಂದು ಬಾಡಿಗೆ ಮನೆ ಹಿಡಿದ ಎರಡು ವಾರದೊಳಗೆ ಯಾರೇ ಆಗಲಿ ಊರಿನ ನೋಂದಣಿ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಆ ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ, ಮದುವೆಯ ವಿವರದ ಜೊತೆಗೆ ಧರ್ಮ ಯಾವುದೆಂಬ ಪ್ರಶ್ನೆಯೂ ಇದೆ. ಜನಗಣತಿಯವರು ಕೇಳುವಂಥದ್ದೇ ಇರಬೇಕು ಎಂದುಕೊಂಡು ನಮ್ಮವರು ಪಟಪಟನೆ ತುಂಬಿಬಿಡುತ್ತಾರೆ. ಹಾಸನದ ಹಿಂದೂ ಹುಡುಗ, ಕಲಬುರಗಿಯ ಮುಸ್ಲಿಂ ಹುಡುಗಿ ಅಲ್ಲಿ ಏನು ಬರೆದರೂ ಸಂಬಳಕ್ಕೆ ಧಕ್ಕೆ ಇಲ್ಲ. ಮಂಗಳೂರಿನವರು 'ಕ್ಯಾಥೊಲಿಕ್' ಎಂದೋ, ಧಾರವಾಡದವರು 'ಪ್ರೊಟೆಸ್ಟೆಂಟ್' ಎಂದೋ ಬರೆದರೆ ಸಂಬಳದ ಚೀಟಿಯಲ್ಲಿ ಹೊಸ ಸಾಲೊಂದು ಕಾಣಿಸಿಕೊಳ್ಳುತ್ತದೆ. ಅದೇ ಚರ್ಚ್ ತೆರಿಗೆ.

ಲೆಕ್ಕ ಸರಳ. ನೀವು ಕಟ್ಟುವ ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್ ವುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ 8, ಉಳಿದ ರಾಜ್ಯಗಳಲ್ಲಿ ಶೇ 9. ತಿಂಗಳಿಗೆ 700 ಯೂರೋ ಆದಾಯ ತೆರಿಗೆ ಹೋಗುತ್ತಿದ್ದರೆ ಮ್ಯೂನಿಕ್‌ನಲ್ಲಿ 56 ಯೂರೋ, ಬರ್ಲಿನ್‌ನಲ್ಲಿ 63 ಯೂರೋ ಚರ್ಚಿಗೆ. ಸರ್ಕಾರದ ತೆರಿಗೆ ಇಲಾಖೆಯೇ ಹಿಡಿದುಕೊಂಡು, ತನ್ನ ಖರ್ಚಿಗೆ ಸ್ವಲ್ಪ ಮುರಿದುಕೊಂಡು ಚರ್ಚುಗಳಿಗೆ ದಾಟಿಸುತ್ತದೆ. ಎರಡೂ ದೊಡ್ಡ ಚರ್ಚುಗಳಿಗೆ ವರ್ಷಕ್ಕೆ ಹೀಗೆ ಬರುವ ಹಣ ಸುಮಾರು 1200 ಕೋಟಿ ಯೂರೋ. ಬೇಡವೆಂದರೆ ಕಚೇರಿಗೆ ಹೋಗಿ ಚರ್ಚಿನಿಂದ ಹೊರಬಂದಿರುವುದಾಗಿ ಬರೆದುಕೊಡಬೇಕು. ಆದರೆ ಹಾಗೆ ಹೊರಬಂದವರಿಗೆ ಸಂಸ್ಕಾರಗಳ ಹಕ್ಕಿಲ್ಲ ಎಂದು ಇಲ್ಲಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರು 2012ರಲ್ಲೇ ಆದೇಶ ಹೊರಡಿಸಿದ್ದಾರೆ. ಊರಿನಲ್ಲಿ ಕಾಣಿಕೆ ಡಬ್ಬಿಗೆ ಮನಸ್ಸು ಬಂದಷ್ಟು ಹಾಕಿ ಬೆಳೆದ ಮಕ್ಕಳಿಗೆ ಇದು ಅರ್ಥವಾಗಲು ಕೆಲವು ತಿಂಗಳು ಬೇಕು.

ಹಣ ಕೊಟ್ಟ ಮೇಲೆ ಮಾತು ಬರುವುದು ಸಹಜ. ನಮ್ಮ ದುಡ್ಡಿನಲ್ಲಿ ನಡೆಯುವ ಚರ್ಚು ಯಾವುದರ ಬಗ್ಗೆ ಬಾಯಿ ತೆರೆಯಬೇಕು, ಯಾವುದರ ಬಗ್ಗೆ ತೆರೆಯಬಾರದು? ಈ ಪ್ರಶ್ನೆ ಕೆಲವು ವರ್ಷಗಳಿಂದ ಜರ್ಮನಿಯ ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ, ಚರ್ಚಿನ ಒಳಗೆ ಕಾವೇರಿದೆ. ನಮಗೂ ಅದಕ್ಕೂ ಏನು ಸಂಬಂಧ ಎಂದು ಊರಿನಲ್ಲಿ ಕುಳಿತ ಅಪ್ಪ ಅಮ್ಮ ಕೇಳಬಹುದು. ಚರ್ಚು ಬಾಯಿ ತೆರೆಯುತ್ತಿರುವುದು ಹೆಚ್ಚಾಗಿ ವಲಸಿಗರ ವಿಷಯಕ್ಕೆ. ನಿಮ್ಮ ಮಗ, ಮಗಳು, ಅಳಿಯ ಇಲ್ಲಿ ವಲಸಿಗರೇ ಅಲ್ಲವೆ?

2025ರ ಈಸ್ಟರ್ ಹೊತ್ತಿಗೆ ಸಂಸತ್ತಿನ ಅಧ್ಯಕ್ಷೆ ಯುಲಿಯಾ ಕ್ಲೋಕ್ನರ್ ಒಂದು ಪತ್ರಿಕೆಗೆ ಕೊಟ್ಟ ಸಂದರ್ಶನ ಈ ಜಗಳಕ್ಕೆ ತುಪ್ಪ ಸುರಿಯಿತು. ಸ್ವಯಂಸೇವಾ ಸಂಸ್ಥೆಯಂತೆ ದಿನನಿತ್ಯದ ರಾಜಕೀಯಕ್ಕೆಲ್ಲ ಹೇಳಿಕೆ ಕೊಡುತ್ತ, ಹುಟ್ಟು ಸಾವಿನ ದೊಡ್ಡ ಪ್ರಶ್ನೆಗಳನ್ನು ಬಿಟ್ಟರೆ ಚರ್ಚಿಗೂ ಬೇರೆ ಸಂಸ್ಥೆಗಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ ಎಂಬುದು ಅವರ ವಾದ. ವೇಗಮಿತಿಯ ಬಗ್ಗೆ ಚರ್ಚು ಮಾತಾಡಬಹುದು, ಆದರೆ ತಾನು ಚರ್ಚ್ ತೆರಿಗೆ ಕೊಡುವುದು ಅದಕ್ಕಲ್ಲ ಎಂದೂ ಚುಚ್ಚಿದರು. ಕ್ಲೋಕ್ನರ್ ಸ್ವತಃ ದೇವಶಾಸ್ತ್ರ ಓದಿದವರು. ಅವರ ಪಕ್ಷದ ಹೆಸರು 'ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್'. ಹೆಸರಿನಲ್ಲೇ ಕ್ರೈಸ್ತವನ್ನು ಇಟ್ಟುಕೊಂಡ ಪಕ್ಷ ಚರ್ಚಿಗೆ ರಾಜಕೀಯ ಬೇಡ ಎನ್ನುತ್ತಿದೆಯಲ್ಲ ಎಂದು ಹಲವರು ನಕ್ಕರು.

ವೇಗಮಿತಿಯ ಕುಟುಕಿಗೆ ಹಿನ್ನೆಲೆ ಇದೆ. ಇಲ್ಲಿನ ಹೆದ್ದಾರಿ ಆಟೊಬಾನ್‌ನ ಹೆಚ್ಚಿನ ಭಾಗಗಳಲ್ಲಿ ವೇಗಕ್ಕೆ ಮಿತಿಯಿಲ್ಲ. 2022ರ ನವೆಂಬರ್‌ನಲ್ಲಿ ಪ್ರೊಟೆಸ್ಟೆಂಟ್ ಚರ್ಚಿನ ಮಹಾಸಭೆ, ಚರ್ಚಿನ ಕೆಲಸಕ್ಕೆ ಹೋಗುವವರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟಬಾರದೆಂದು ನಿರ್ಣಯ ಮಾಡಿತ್ತು. ಪರಿಸರ ಉಳಿಸುವುದು ದೇವರ ಸೃಷ್ಟಿಯನ್ನು ಉಳಿಸುವುದೇ ಎಂಬುದು ಅವರ ತರ್ಕ. ಇಲ್ಲಿ ನಾವು ಕ್ಲೋಕ್ನರ್ ಪರವೇ. ಧರ್ಮಪೀಠಕ್ಕೆ ಏರಿ ವೇಗಮಾಪಕ ನೋಡುತ್ತ ಕುಳಿತರೆ ದೊಡ್ಡ ಮಾತು ಹೇಳುವ ದಿನ ಯಾರೂ ಕಿವಿಗೊಡುವುದಿಲ್ಲ. ಆಟೊಬಾನ್‌ನಲ್ಲಿ 200 ಮುಟ್ಟಿದೆ ಎಂದು ಮಗ ಕಳಿಸಿದ ವಿಡಿಯೊ ನೋಡಿ ಎದೆ ಹಿಡಿದುಕೊಂಡ ತಾಯಂದಿರು ಮಾತ್ರ ಮಹಾಸಭೆಯ ಪರ ನಿಂತಾರು.

ಜನವರಿಯ ಪತ್ರ, ಜುಲೈನ ಪ್ರಸಂಗ

ಆದರೆ ಕ್ಲೋಕ್ನರ್ ಮಾತಿನ ಹಿಂದೆ ಇದ್ದದ್ದು ವೇಗಮಿತಿಯೊಂದೇ ಅಲ್ಲ. ಅದಕ್ಕೂ ಮೂರು ತಿಂಗಳ ಹಿಂದೆ, 2025ರ ಜನವರಿ 22ರಂದು, ಬವೇರಿಯಾದ ಅಶಾಫೆನ್‌ಬುರ್ಗ್ ಊರಿನ ಉದ್ಯಾನದಲ್ಲಿ ಶಿಶುವಿಹಾರದ ಮಕ್ಕಳ ಗುಂಪಿನ ಮೇಲೆ ಒಬ್ಬ ಚಾಕು ಬೀಸಿದ. ಎರಡು ವರ್ಷದ ಮಗು ಮತ್ತು ಅಡ್ಡ ಬಂದ ಒಬ್ಬ ಗಂಡಸು ಸತ್ತರು. ಸಿಕ್ಕಿಬಿದ್ದವನು ಆಶ್ರಯ ಕೇಳಿ ಬಂದಿದ್ದ ಆಫ್ಘನ್ ಪ್ರಜೆ. ಸತ್ತ ಮಗುವಿನ ಕುಟುಂಬವೂ ಮೊರಾಕೊ ಮೂಲದ್ದು ಎಂಬುದು ಗದ್ದಲದಲ್ಲಿ ಬಹಳ ಜನರ ಕಿವಿಗೆ ಬೀಳಲಿಲ್ಲ. ದೇಶ ಕುದಿಯಿತು. ಚುನಾವಣೆಗೆ ಒಂದು ತಿಂಗಳಿತ್ತು. ಆಗ ವಿರೋಧ ಪಕ್ಷದಲ್ಲಿದ್ದ ಫ್ರೀಡ್ರಿಷ್ ಮೆರ್ಟ್ಸ್, ಆಶ್ರಯ ಕೇಳಿ ಬರುವವರನ್ನು ಗಡಿಯಲ್ಲೇ ವಾಪಸ್ ಕಳಿಸಬೇಕೆಂಬ ನಿರ್ಣಯವನ್ನು ಸಂಸತ್ತಿಗೆ ತಂದರು. ವಲಸೆಯ ಕಡುವಿರೋಧಿಯಾದ ಎಎಫ್‌ಡಿ ಪಕ್ಷದ ಮತಗಳಿಲ್ಲದೆ ಅದು ಗೆಲ್ಲುವಂತಿರಲಿಲ್ಲ. ಆ ಪಕ್ಷದ ಜೊತೆ ಯಾರೂ ಕೈಜೋಡಿಸಬಾರದೆಂಬುದು ಅಲ್ಲಿಯವರೆಗೆ ಉಳಿದ ಪಕ್ಷಗಳೆಲ್ಲ ಪಾಲಿಸಿಕೊಂಡು ಬಂದ ಕಟ್ಟು.

ಮತದಾನದ ಮುನ್ನಾದಿನ ಬರ್ಲಿನ್‌ನಲ್ಲಿರುವ ಎರಡೂ ಚರ್ಚುಗಳ ಪ್ರತಿನಿಧಿಗಳು ಸಂಸದರಿಗೆ ಪತ್ರ ಬರೆದರು. ಈ ಕ್ರಮಗಳಿಂದ ಸಮಸ್ಯೆ ಬಗೆಹರಿಯುವುದಿಲ್ಲ, ಎಎಫ್‌ಡಿ ಮತ ಪಡೆದು ಗೆದ್ದರೆ ಪ್ರಜಾಪ್ರಭುತ್ವಕ್ಕೆ ದೊಡ್ಡ ಪೆಟ್ಟು ಎಂಬುದು ಅದರ ಸಾರ. ಜನವರಿ 29ರಂದು ನಿರ್ಣಯ ಆ ಮತಗಳಿಂದಲೇ ಪಾಸಾಯಿತು. ಎರಡು ದಿನದ ನಂತರ ಬಂದ ಮಸೂದೆ ಮಾತ್ರ ಬಿತ್ತು. ಪತ್ರದ ಬಗ್ಗೆ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ನಡುವೆಯೇ ಒಮ್ಮತವಿರಲಿಲ್ಲ. ಚುನಾವಣೆಯ ಹೊತ್ತಿನಲ್ಲಿ ಇದು ಬೇಕಿತ್ತೆ ಎಂಬ ಅಸಮಾಧಾನ ಹೊರಗೂ ಬಂತು. ಮೆರ್ಟ್ಸ್ ಅವರಿಗಿಂತ ಮೊದಲು ಪಕ್ಷದ ಅಧ್ಯಕ್ಷೆಯಾಗಿದ್ದ ಅನೆಗ್ರೆಟ್ ಕ್ರಾಂಪ್ ಕಾರನ್‌ಬೌವರ್, ಕ್ಯಾಥೊಲಿಕ್ ಶ್ರೀಸಾಮಾನ್ಯರ ಕೇಂದ್ರ ಸಮಿತಿಯೂ ಪಕ್ಷವನ್ನು ಟೀಕಿಸಿತೆಂದು ಆ ಸಮಿತಿಯಿಂದಲೇ ಹೊರನಡೆದರು. ಬವೇರಿಯಾದ ಮುಖ್ಯಮಂತ್ರಿ ಮಾರ್ಕುಸ್ ಸೋಡರ್, ಕೊನೆಗೆ ನಿಮ್ಮ ಪಕ್ಕದಲ್ಲಿ ನಿಲ್ಲುವವರು ಯಾರೆಂಬುದನ್ನು ಮರೆಯಬೇಡಿ ಎಂಬರ್ಥದ ಎಚ್ಚರಿಕೆ ಕೊಟ್ಟರು.

ಆರು ತಿಂಗಳು ಕಳೆಯುವಷ್ಟರಲ್ಲಿ ಪಾತ್ರಗಳು ಅದಲುಬದಲಾದವು. ಸಂವಿಧಾನ ನ್ಯಾಯಾಲಯಕ್ಕೆ ಫ್ರೌಕೆ ಬ್ರೋಸಿಯುಸ್ ಗೆರ್ಸ್‌ಡೋರ್ಫ್ ಎಂಬ ಕಾನೂನು ಪ್ರಾಧ್ಯಾಪಕಿಯನ್ನು ಆರಿಸುವ ಮತದಾನ ಜುಲೈ 11ಕ್ಕೆ ನಿಗದಿಯಾಗಿತ್ತು. ಗರ್ಭಪಾತದ ಬಗ್ಗೆ ಅವರ ನಿಲುವು ಸಡಿಲವೆಂದು ಎದ್ದ ವಿರೋಧದಿಂದ ಮತದಾನ ಮುಂದೆ ಹೋಯಿತು. ಎರಡು ದಿನದ ನಂತರ ಬಾಂಬೆರ್ಗ್‌ನ ಆರ್ಚ್‌ಬಿಷಪ್ ಹೆರ್ವಿಗ್ ಗೋಸ್ಲ್ ಹಬ್ಬದ ಬಲಿಪೂಜೆಯ ಪ್ರಸಂಗದಲ್ಲಿ ಈ ಉಮೇದುವಾರಿಕೆಯನ್ನು ರಾಜಕೀಯ ಹಗರಣ ಎಂದರು. ಈಗ ಚರ್ಚಿನ ಮಾತಿಗೆ ತಲೆದೂಗಿದವರು ಜನವರಿಯಲ್ಲಿ ಬಾಯಿಮುಚ್ಚಿ ಎಂದವರು. ಚರ್ಚಿಗೆ ಇದೆಲ್ಲ ಏಕೆ ಬೇಕು ಎಂದು ಸಿಡುಕಿದವರು ಜನವರಿಯಲ್ಲಿ ಚಪ್ಪಾಳೆ ತಟ್ಟಿದವರು. ಕೆಲವೇ ದಿನಗಳಲ್ಲಿ ಆರ್ಚ್‌ಬಿಷಪ್ ಪ್ರಾಧ್ಯಾಪಕಿಯ ಜೊತೆ ಫೋನಿನಲ್ಲಿ ಮಾತಾಡಿದರು. ಅವರ ನಿಲುವಿನ ಬಗ್ಗೆ ತನಗೆ ತಪ್ಪು ಮಾಹಿತಿ ಸಿಕ್ಕಿತ್ತು ಎಂದು ಒಪ್ಪಿಕೊಂಡು ವಿಷಾದಿಸಿದರು. ಅಷ್ಟರಲ್ಲಿ ಮಾತು ಊರೆಲ್ಲ ಸುತ್ತಿಯಾಗಿತ್ತು. ಆಗಸ್ಟ್ 7ರಂದು ಆಕೆ ಉಮೇದುವಾರಿಕೆ ಹಿಂದೆ ಪಡೆದರು.

ಗರ್ಭಪಾತದ ಪ್ರಶ್ನೆ ಇಲ್ಲಿ ಚರ್ಚಿಗೆ ಹೊಸದಲ್ಲ. ಮೊದಲ 12 ವಾರದೊಳಗೆ ಗರ್ಭಪಾತ ಮಾಡಿಸಿಕೊಳ್ಳುವ ಹೆಂಗಸು ಸಮಾಲೋಚನೆ ಪಡೆದ ಪತ್ರ ತೋರಿಸಿದರೆ ಶಿಕ್ಷೆಯಿಲ್ಲ ಎಂಬುದು ಜರ್ಮನಿಯ ಕಾನೂನು. ಕ್ಯಾಥೊಲಿಕ್ ಕೇಂದ್ರಗಳೂ ಮೊದಲು ಆ ಪತ್ರ ಕೊಡುತ್ತಿದ್ದವು. ಕೊಡಕೂಡದು ಎಂದು ಪೋಪ್ ಎರಡನೇ ಜಾನ್ ಪಾಲ್ ಹೇಳಿದಾಗ ಧರ್ಮಾಧ್ಯಕ್ಷರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಸಾಮಾನ್ಯ ಕ್ಯಾಥೊಲಿಕರು ಸುಮ್ಮನಿರದೆ 1999ರಲ್ಲಿ 'ಡೋನುಂ ವೀಟೆ' ಎಂಬ ತಮ್ಮದೇ ಸಂಸ್ಥೆ ಕಟ್ಟಿ ಸಮಾಲೋಚನೆ ಮುಂದುವರಿಸಿದರು. ಅಂದರೆ ಚರ್ಚು ಮಾತಾಡಬೇಕು ಎಂದು ಒಪ್ಪಿದ ಮೇಲೂ ಚರ್ಚು ಎಂದರೆ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ರೋಮ್‌ನಲ್ಲಿರುವವರೋ, ಇಲ್ಲಿನ ಧರ್ಮಾಧ್ಯಕ್ಷರೋ, ತೆರಿಗೆ ಕೊಡುವವರೋ?

ಬಾಯಿ ಬಿಟ್ಟವರು, ಬಿಡದವರು

ಜರ್ಮನಿಯಲ್ಲಿ ಈ ವಾದ ಬಂದಾಗಲೆಲ್ಲ ಹಿಟ್ಲರ್ ಕಾಲ ಎದ್ದುಬರುತ್ತದೆ. ಅದು ಬರಲೇಬೇಕು.

1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್‌ನ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಔಗುಸ್ಟ್ ಫಾನ್ ಗಾಲೆನ್ ಪ್ರಸಂಗಪೀಠದಿಂದ ನೇರವಾಗಿ ಹೇಳಿದರು: ಮಾನಸಿಕ ರೋಗಿಗಳನ್ನು, ಅಂಗವಿಕಲರನ್ನು ಆಸ್ಪತ್ರೆಗಳಿಂದ ಒಯ್ದು ಸರ್ಕಾರ ಕೊಲ್ಲುತ್ತಿದೆ, ಇದು ಕೊಲೆ. ಆ ಪ್ರಸಂಗವನ್ನು ಜನ ಗುಟ್ಟಾಗಿ ನಕಲು ಮಾಡಿ ಕೈಯಿಂದ ಕೈಗೆ ದಾಟಿಸಿದರು. ಅವರನ್ನು ಮುಟ್ಟಿದರೆ ಆ ಸೀಮೆಯೇ ತಿರುಗಿಬೀಳುತ್ತದೆಂದು ನಾಜಿಗಳು ಕೈಕಟ್ಟಿ ಕುಳಿತರು. ಅದೇ ತಿಂಗಳ 24ರಂದು ಹಿಟ್ಲರ್ ಆ ಕಾರ್ಯಕ್ರಮವನ್ನು ನಿಲ್ಲಿಸಲು ಹೇಳಿದ. ಅಷ್ಟರಲ್ಲಿ 70 ಸಾವಿರಕ್ಕೂ ಹೆಚ್ಚು ಜನರನ್ನು ವಿಷಾನಿಲದಲ್ಲಿ ಕೊಂದಾಗಿತ್ತು. ನಿಂತಿತೆಂದದ್ದು ಮೇಲ್ನೋಟಕ್ಕೆ ಮಾತ್ರ. ಹಸಿವಿನಿಂದ, ಔಷಧಿಯಿಂದ ಕೊಲ್ಲುವುದು ಸದ್ದಿಲ್ಲದೆ ಮುಂದುವರಿಯಿತು. ಆದರೂ ಒಬ್ಬ ಧರ್ಮಾಧ್ಯಕ್ಷನ ಮಾತಿಗೆ ಆ ಸರ್ಕಾರ ಅಷ್ಟಾದರೂ ಬಗ್ಗಿತು.

ಅದೇ ಗಾಲೆನ್ ಯಹೂದಿಗಳ ಬಗ್ಗೆ ಬಹಿರಂಗವಾಗಿ ಅಂಥ ಪ್ರಸಂಗ ಮಾಡಲಿಲ್ಲ. 1934ರಲ್ಲಿ ಹಿಟ್ಲರನ ಹಿಡಿತಕ್ಕೆ ಒಗ್ಗದ ಪ್ರೊಟೆಸ್ಟೆಂಟರು ಬಾರ್ಮೆನ್ ಊರಿನಲ್ಲಿ ಸೇರಿ ಹೊರಡಿಸಿದ ಪ್ರಸಿದ್ಧ ಘೋಷಣೆಯಲ್ಲೂ ಯಹೂದಿಗಳ ಹೆಸರಿಲ್ಲ. ರೋಗಿಗಳು ಚರ್ಚಿಗೆ ಬರುವವರ ಮಕ್ಕಳು, ತಾಯಂದಿರು. ಚರ್ಚಿನ ಹಕ್ಕು ಚರ್ಚಿನದು. ಯಹೂದಿಗಳು ಹೊರಗಿನವರು. ಬಾಯಿ ಎಲ್ಲಿ ಬಂತು, ಎಲ್ಲಿ ಬರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ನಮಗೆ ಕಾಣುವುದಿಲ್ಲ. ಯುದ್ಧ ಮುಗಿದ ಮೇಲೆ, 1945ರ ಅಕ್ಟೋಬರ್‌ನಲ್ಲಿ, ಪ್ರೊಟೆಸ್ಟೆಂಟ್ ಮುಖಂಡರು ಸ್ಟುಟ್‌ಗಾರ್ಟ್‌ನಲ್ಲಿ ಸೇರಿ ತಾವು ಇನ್ನಷ್ಟು ಧೈರ್ಯ ತೋರಬೇಕಿತ್ತೆಂದು ತಪ್ಪೊಪ್ಪಿಗೆ ಬರೆದರು. ಇಂದು ಸಾಫ್ಟ್‌ವೇರ್, ಕಾರು ಕಂಪನಿಗಳ ಕೆಲಸಕ್ಕೆ ನೂರಾರು ಕನ್ನಡಿಗರು ಓಡಾಡುವ ಊರು ಅದು.

ಇದೇ ಸೀಮೆಗೂ ನಮಗೂ ಹಳೆಯ ನಂಟು. ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಮೊದಲಾದವರು ಹೆಚ್ಚಾಗಿ ವುರ್ಟೆಂಬರ್ಗ್ ಕಡೆಯವರು. ನಿಘಂಟಿನ ಕಿಟೆಲ್ ತೀರಿಕೊಂಡದ್ದು ಸ್ಟುಟ್‌ಗಾರ್ಟ್‌ಗೆ ಹತ್ತಿರದ ಟ್ಯೂಬಿಂಗೆನ್‌ನಲ್ಲಿ. ಬಾಸೆಲ್ ಮಿಷನ್ ತನ್ನ ಸಭೆಯೊಳಗೆ ಜಾತಿಗೆ ಜಾಗವಿಲ್ಲ ಎಂದು ಹಟ ಹಿಡಿದಿತ್ತು. ಅದೇ ಜರ್ಮನಿಯಿಂದ ತಮಿಳುನಾಡಿಗೆ ಬಂದ ಲೈಪ್‌ಜಿಗ್ ಮಿಷನ್, ಜಾತಿ ಸಮಾಜದ ಕಟ್ಟಳೆ, ಧರ್ಮದ ವಿಷಯವಲ್ಲ ಎಂದು ಸುಮ್ಮನಿತ್ತು. ಸುಮ್ಮನಿರುವುದೂ ಒಂದು ನಿಲುವೇ ಎಂದು ತಿಳಿಯಲು ದೂರ ಹೋಗಬೇಕಿಲ್ಲ.

ಮಠಾಧೀಶರು ರಾಜಕೀಯ ಮಾತಾಡಬಹುದೇ ಎಂದು ನಾವು ಊರಿನಲ್ಲಿ ಕೇಳಿಕೊಳ್ಳುವುದೂ ಇದೇ ಪ್ರಶ್ನೆಯನ್ನು. ನಮ್ಮ ಸಮುದಾಯದವರಿಗೆ ಮಂತ್ರಿಗಿರಿ ಕೊಡಿ, ನಮ್ಮ ಜಾತಿಗೆ ಮೀಸಲಾತಿ ಹೆಚ್ಚಿಸಿ ಎಂದು ವೇದಿಕೆ ಏರುವುದು ಒಂದು ಬಗೆ. ತನ್ನ ಮಠಕ್ಕೆ ಕಾಲಿಡದವರಿಗಾಗಿ ಮಾತಾಡುವುದು ಇನ್ನೊಂದು ಬಗೆ. ಜನವರಿಯ ಪತ್ರ ಎರಡನೆಯದು. ಗಡಿಯಲ್ಲಿ ನಿಂತ ಆಫ್ಘನ್ನರು, ಸಿರಿಯನ್ನರಲ್ಲಿ ಹೆಚ್ಚಿನವರು ಚರ್ಚಿನ ಸದಸ್ಯರಲ್ಲ, ಅವರಿಂದ ತೆರಿಗೆಯೂ ಬರುವುದಿಲ್ಲ. ಉಲ್ಟಾ, ಪತ್ರದಿಂದ ಮುನಿಸಿಕೊಂಡು ಹೋಗುವ ತೆರಿಗೆದಾರರು ಉಂಟು. 2024 ಒಂದೇ ವರ್ಷದಲ್ಲಿ ಎರಡೂ ಚರ್ಚುಗಳನ್ನು ಬಿಟ್ಟವರು 6 ಲಕ್ಷಕ್ಕೂ ಹೆಚ್ಚು. ಕಳೆದುಕೊಳ್ಳುವುದಿದ್ದೂ ಬರೆದರು ಎಂಬುದಕ್ಕೆ ನಾವು ಆ ಪತ್ರವನ್ನು ಗೌರವಿಸುತ್ತೇವೆ. ಅದರ ಎರಡನೆಯ ಭಾಗ, ಅಂದರೆ ಸಂಸತ್ತಿನಲ್ಲಿ ಯಾರ ಮತ ಯಾರು ಪಡೆಯಬಹುದೆಂಬ ಪಾಠ, ರಾಜಕಾರಣಿಗಳಿಗೆ ಬಿಟ್ಟಿದ್ದರೆ ಚೆನ್ನಾಗಿತ್ತೇನೋ. ಬಾಂಬೆರ್ಗ್‌ನ ಆರ್ಚ್‌ಬಿಷಪ್ಪರಿಗೂ ಹುಟ್ಟದ ಮಗುವಿನ ಪರ ಮಾತಾಡುವ ಹಕ್ಕು ಇಷ್ಟೇ ಇದೆ. ಅವರ ಮಾತನ್ನು ಒಪ್ಪದ ನಮ್ಮ ಹೆಣ್ಣುಮಕ್ಕಳು ಇಲ್ಲಿ ಬಹಳ ಇದ್ದಾರೆ. ಆದರೂ ವಲಸಿಗರ ಪರ ಮಾತಾಡುವಾಗ ಚರ್ಚು ಬೇಕು, ಉಳಿದಾಗ ಬಾಗಿಲು ಹಾಕಿಕೊಳ್ಳಲಿ ಎಂದರೆ ನ್ಯಾಯವಾಗದು. ಫೋನನ್ನು ಪ್ರಸಂಗಕ್ಕೆ ಮೊದಲೇ ಮಾಡಬೇಕಿತ್ತು, ಅಷ್ಟೆ.

ನಮಗೆ ತಗಲುವುದು ಎಷ್ಟು?

ಊರಿನವರು ಒಂದು ವಿಷಯ ತಿಳಿದಿರಬೇಕು. ಸಂಸತ್ತಿನ ಈ ಜಗಳವೆಲ್ಲ ಹೆಚ್ಚಾಗಿ ಆಶ್ರಯ ಕೇಳಿ ಬರುವವರದು. ಬ್ಲೂ ಕಾರ್ಡ್ ಮೇಲೆ, ನರ್ಸಿಂಗ್ ಕೆಲಸದ ಮೇಲೆ, ಓದಲು ಬಂದ ನಿಮ್ಮ ಮಕ್ಕಳ ವೀಸಾಕ್ಕೆ ಅದರಿಂದ ನೇರ ತೊಂದರೆಯಿಲ್ಲ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಜರ್ಮನಿಯೇ ಹೇಳಿತು. ಮೂರೇ ವರ್ಷದಲ್ಲಿ ಪೌರತ್ವ ಕೊಡುವ ತ್ವರಿತ ದಾರಿಯನ್ನು 2025ರಲ್ಲಿ ಮುಚ್ಚಿದ್ದಾರೆ. ಐದು ವರ್ಷದ ದಾರಿ ಹಾಗೇ ಇದೆ.

ಆದರೆ ರಾತ್ರಿ ಟ್ರಾಮಿನಲ್ಲಿ ಕೂತವನ ಹಣೆಯ ಮೇಲೆ ಬ್ಲೂ ಕಾರ್ಡ್ ಎಂದು ಬರೆದಿರುವುದಿಲ್ಲ. ಬೈಯುವವನು ವೀಸಾ ನೋಡಿ ಬೈಯುವುದಿಲ್ಲ. ವಲಸಿಗ ಮೂಲದವರನ್ನು ದೊಡ್ಡ ಸಂಖ್ಯೆಯಲ್ಲಿ ದೇಶದಿಂದ ಹೊರಗೆ ಕಳಿಸುವ ಬಗ್ಗೆ ಪೋಟ್ಸ್‌ಡಾಮ್‌ನ ಹೋಟೆಲೊಂದರಲ್ಲಿ ಚರ್ಚೆ ನಡೆದಿತ್ತೆಂದು 2024ರ ಜನವರಿಯಲ್ಲಿ ವರದಿಯಾದಾಗ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಾರಗಟ್ಟಲೆ ಅದೇ ಮಾತು. ಅದಾದ ಮರು ತಿಂಗಳು, ಫೆಬ್ರವರಿ 22ರಂದು, ಔಗ್ಸ್‌ಬುರ್ಗ್‌ನಲ್ಲಿ ಸೇರಿದ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಒಕ್ಕೊರಲಿನಿಂದ ಹೇಳಿಕೆ ಹೊರಡಿಸಿದರು. ಜನಾಂಗದ ಆಧಾರದ ರಾಷ್ಟ್ರೀಯತೆಗೂ ಕ್ರೈಸ್ತ ಧರ್ಮಕ್ಕೂ ಹೊಂದಿಕೆಯಿಲ್ಲ, ಅಂಥ ಪಕ್ಷಗಳು ಕ್ರೈಸ್ತರ ಮತಕ್ಕೆ ತಕ್ಕವಲ್ಲ ಎಂದರು. ಪ್ರೊಟೆಸ್ಟೆಂಟರೂ ದನಿಗೂಡಿಸಿದರು. ಬೀದಿಯಲ್ಲಿ ಮೆರವಣಿಗೆ ಹೊರಟವರು ಲಕ್ಷಾಂತರ ಇದ್ದರು, ನಿಜ. ಆದರೂ ಪಕ್ಕದ ಮನೆಯ ಅಜ್ಜಿ ಭಾನುವಾರ ಹೋಗುವ ಚರ್ಚಿನವರೂ ಹೀಗೆ ಹೇಳಿದ್ದಾರೆ ಎಂಬುದು ನಮಗೆ ಬೇರೆಯದೇ ಧೈರ್ಯ ಕೊಟ್ಟಿತು.

ಆ ಹೇಳಿಕೆಗಳನ್ನು ಊರೂರಿನ ಪ್ರಸಂಗಪೀಠಕ್ಕೆ ತರುವವರು ಯಾರೆಂದು ನೋಡಿದರೆ ವಿಷಯ ಇನ್ನೂ ಹತ್ತಿರ ಬರುತ್ತದೆ. ಜರ್ಮನ್ ಯುವಕರು ಪಾದ್ರಿಗಳಾಗಲು ಮುಂದೆ ಬರದ ಕಾರಣ ಎಷ್ಟೋ ಕ್ಯಾಥೊಲಿಕ್ ಚರ್ಚುಗಳಲ್ಲಿ ಬಲಿಪೂಜೆ ಅರ್ಪಿಸುವವರು ಪರದೇಶದ ಪಾದ್ರಿಗಳು. ಅವರಲ್ಲಿ ಭಾರತೀಯರೇ ಹೆಚ್ಚು. ಮ್ಯೂನಿಕ್ ಹತ್ತಿರದ ತ್ಸೋರ್ನೆಡಿಂಗ್ ಎಂಬ ಊರಿನಲ್ಲಿ ಕಾಂಗೋ ಮೂಲದ ಪಾದ್ರಿಯೊಬ್ಬರಿದ್ದರು. ಸ್ಥಳೀಯ ಪಕ್ಷದ ನಾಯಕಿಯೊಬ್ಬರು ನಿರಾಶ್ರಿತರು ದೇಶಕ್ಕೆ ನುಗ್ಗುತ್ತಿದ್ದಾರೆ ಎಂಬಂತೆ ಬರೆದಾಗ ಪಾದ್ರಿ ಆಕ್ಷೇಪಿಸಿದರು. ಅದೇ ಪಕ್ಷದ ಇನ್ನೊಬ್ಬ ಅವರ ಬಣ್ಣ ಎತ್ತಿ ಬೈದ. ಆ ಇಬ್ಬರೂ ಪಕ್ಷದ ಸ್ಥಾನ ಕಳೆದುಕೊಂಡರು. ಆದರೆ ಪಾದ್ರಿಗೆ ಕೊಲೆ ಬೆದರಿಕೆಗಳು ಬರತೊಡಗಿದವು. 2016ರ ಮಾರ್ಚ್‌ನಲ್ಲಿ ಅವರು ಊರು ಬಿಟ್ಟರು. ಊರಿನ ಜನ ಸಾವಿರಾರು ಸಂಖ್ಯೆಯಲ್ಲಿ ದೀಪ ಹಿಡಿದು ಅವರ ಪರ ನಿಂತರೂ ಅವರು ಮರಳಲಿಲ್ಲ. ಬರ್ಲಿನ್‌ನಲ್ಲಿ ಕುಳಿತು ಪತ್ರಕ್ಕೆ ಸಹಿ ಹಾಕುವವರಿಗೂ ಹಳ್ಳಿಯ ಚರ್ಚಿನಲ್ಲಿ ಅದನ್ನು ಓದಿ ಹೇಳುವ ಕಂದು ಬಣ್ಣದ ಪಾದ್ರಿಗೂ ಇರುವ ಅಂತರ ಇದು. ಅಂಥ ಪಾದ್ರಿ ಒಂದು ಭಾನುವಾರ ಸುಮ್ಮನಿದ್ದರೆ ನಾವು ಹೇಡಿ ಎನ್ನಲಾರೆವು.

ಈ ಪ್ರಶ್ನೆ ಮುಂದೆ ಜೋರಾಗಿ ಏಳುವುದು ಪೂರ್ವದ ಸಾಕ್ಸೆನ್ ಆನ್‌ಹಾಲ್ಟ್ ರಾಜ್ಯದಲ್ಲಿ. 2026ರ ಸೆಪ್ಟೆಂಬರ್ 6ರಂದು ಅಲ್ಲಿ ವಿಧಾನಸಭೆ ಚುನಾವಣೆ. 2025ರ ಸಂಸತ್ ಚುನಾವಣೆಯಲ್ಲಿ ಅಲ್ಲಿ ಮೊದಲು ಬಂದದ್ದು ಎಎಫ್‌ಡಿ, ಮೂರನೇ ಒಂದಕ್ಕಿಂತ ಹೆಚ್ಚು ಮತ ಪಡೆದು. ಮಾರ್ಟಿನ್ ಲೂಥರ್ ಹುಟ್ಟಿದ ಐಸ್ಲೇಬೆನ್, ಬೋಧಿಸಿದ ವಿಟೆನ್‌ಬರ್ಗ್ ಎರಡೂ ಇರುವ ರಾಜ್ಯ ಅದು. ಆದರೆ ಕಮ್ಯುನಿಸ್ಟ್ ಆಡಳಿತದ ನಂತರ ಅಲ್ಲಿ ಚರ್ಚಿನ ಸದಸ್ಯರು ಐದರಲ್ಲಿ ಒಬ್ಬರೂ ಇಲ್ಲ. ಪಕ್ಕದ ರಾಜ್ಯದ ಲೈಪ್‌ಜಿಗ್‌ನಲ್ಲಿ ಇಂಥದೇ ಸಣ್ಣ ಚರ್ಚಿನ ಸೋಮವಾರದ ಪ್ರಾರ್ಥನೆಯಿಂದ ಹೊರಟ ಮೆರವಣಿಗೆ 1989ರ ಅಕ್ಟೋಬರ್ 9ರಂದು 70 ಸಾವಿರ ಜನರಾಗಿ ಬೆಳೆದು, ಒಂದು ಗುಂಡೂ ಹಾರದೆ, ಅಂದಿನ ಸರ್ಕಾರವನ್ನೇ ಅಲುಗಾಡಿಸಿತ್ತು.

ರಾಜಧಾನಿ ಮಾಗ್ಡೆಬುರ್ಗ್‌ನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವ ಭಾರತೀಯರು ಬಹಳ. 2024ರ ಡಿಸೆಂಬರ್ 20ರಂದು ಅಲ್ಲಿನ ಕ್ರಿಸ್‌ಮಸ್ ಸಂತೆಗೆ ಸೌದಿ ಮೂಲದ ವೈದ್ಯನೊಬ್ಬ ಕಾರು ನುಗ್ಗಿಸಿದಾಗ ಆರು ಜನ ಸತ್ತರು. ಗಾಯಗೊಂಡವರಲ್ಲಿ ಏಳು ಭಾರತೀಯರು ಇದ್ದರು. ಕಾರು ನುಗ್ಗಿಸಿದವನು ಇಸ್ಲಾಂ ವಿರೋಧಿ ಬರಹಗಳನ್ನು ಹಾಕುತ್ತಿದ್ದವನು. ಆದರೂ ಮುಂದಿನ ವಾರಗಳಲ್ಲಿ ಬೀದಿಯಲ್ಲಿ ಬೈಗುಳ, ಏಟು ತಿಂದವರು ಕಪ್ಪು, ಕಂದು ಬಣ್ಣದವರೆಂದು ಅಲ್ಲಿನ ನೆರವು ಸಂಸ್ಥೆಗಳು ಹೇಳಿದವು. ಮಾರನೆಯ ಸಂಜೆ ಊರಿನ ಹಳೆಯ ಕೆಥೆಡ್ರಲ್‌ನಲ್ಲಿ ಸತ್ತವರಿಗಾಗಿ ಪ್ರಾರ್ಥನೆ ನಡೆಯಿತು. ಒಳಗೆ ಜಾಗ ಸಾಲದೆ ಜನ ಹೊರಗೆ ಚೌಕದಲ್ಲಿ ಚಳಿಯಲ್ಲೇ ನಿಂತಿದ್ದರು.